ಗ್ಯಾಸ್ ಬದಲಾಯಿಸಿದವನ ಕಥೆ: ಥಾಮಸ್ ಮಿಡ್ಗ್ಲಿ

ಥರ್ಮೋಡೈನಾಮಿಕ್ಸ್‌ನಲ್ಲಿ ರೆಫ್ರಿಜರೇಷನ್ ಚಾಪ್ಟರ್ ಶುರುವಾದ ದಿನ ನಾವೆಲ್ಲ ಡೇಟಾ ಹ್ಯಾಂಡ್‌ಬುಕ್ ತೆಗೆದು ಕೂರ್ತೀವಿ. ಅದರಲ್ಲಿ ಆರ್-12 ಅಂತ ಒಂದು ಟೇಬಲ್ ಇದೆ. ಟೆಂಪರೇಚರ್, ಪ್ರೆಷರ್, ಎಂಥಾಲ್ಪಿ, ಎಂಟ್ರೊಪಿ ಎಲ್ಲ ಸಾಲಾಗಿ ನಿಂತಿರುತ್ತವೆ. ಹಳೇ ಪ್ರಶ್ನೆಪತ್ರಿಕೆ ತಿರುವಿದರೆ ಅದರ ಮೇಲೆ ಒಂದು ಪ್ರಾಬ್ಲಂ ಇದ್ದೇ ಇರುತ್ತೆ. ನಾವು ಇಂಟರ್‌ಪೊಲೇಟ್ ಮಾಡಿ, ಸಿಓಪಿ ಬರೆದು, ಕೆಳಗೆ ಎರಡು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗ್ತೀವಿ. ಆದರೆ ಇವತ್ತು ಯಾವ ಅಂಗಡಿಗೆ ಹೋಗಿ ಕೇಳಿದರೂ ಆರ್-12 ತುಂಬಿದ ಹೊಸ ಫ್ರಿಜ್ ಸಿಗಲ್ಲ. ಅದು ಪರೀಕ್ಷೆಯಲ್ಲಿ ಮಾತ್ರ ಬದುಕಿರುವ ಗ್ಯಾಸ್.

ಹಾಗಾದರೆ ಅದು ಎಲ್ಲಿಂದ ಬಂತು, ಯಾಕೆ ಹೋಯ್ತು ಅಂತ ಹುಡುಕಿದಾಗ ನಮಗೆ ಸಿಕ್ಕಿದ ಹೆಸರು ಥಾಮಸ್ ಮಿಡ್ಗ್ಲಿ. ಮನೆ ತಂಪು ಮಾಡುವ ಯಂತ್ರದೊಳಗಿನ ಒಂದು ವಿಷದ ಪಾರ್ಟ್ ತೆಗೆದು ಅದರ ಜಾಗಕ್ಕೆ ಒಳ್ಳೇದನ್ನು ಹಾಕಿದವನು ಆತ. ಆ ಒಳ್ಳೇದನ್ನು ತೆಗೆದುಹಾಕೋಕೆ ಮುಂದೆ ಇಡೀ ಜಗತ್ತು ಒಂದು ಒಪ್ಪಂದ ಮಾಡಿಕೊಳ್ಳಬೇಕಾಯ್ತು. ಆತನ ಬಗ್ಗೆ ಓದಿದರೆ ಒಂದೋ ದೊಡ್ಡ ಜೀನಿಯಸ್ ಅಂತ ಬರೆದಿರ್ತಾರೆ, ಇಲ್ಲ ಭೂಮಿಯನ್ನೇ ಹಾಳುಮಾಡಿದ ವಿಲನ್ ಅಂತ ಬರೆದಿರ್ತಾರೆ. ನಮಗೆ ಎರಡೂ ಪೂರ್ತಿ ಸರಿ ಅನಿಸಲಿಲ್ಲ. ಅದಕ್ಕೇ ಈ ಲೇಖನ.

ಮಿಡ್ಗ್ಲಿ ಹುಟ್ಟಿದ್ದು 1889ರ ಮೇ 18ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬೀವರ್ ಫಾಲ್ಸ್ ಎಂಬ ಊರಲ್ಲಿ. ಬೆಳೆದದ್ದು ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಅಪ್ಪನೂ ಇನ್ವೆಂಟರ್, ಟೈರ್‌ಗಳ ಮೇಲೆ ಕೆಲಸ ಮಾಡಿದವರು. 1911ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪದವಿ ಬಂತು, ಅದೂ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ. ಇದನ್ನು ಓದಿದಾಗ ನಮ್ಮ ಬ್ರ್ಯಾಂಚ್‌ನವರೆಲ್ಲ ಸ್ವಲ್ಪ ಖುಷಿಪಟ್ಟೆವು. ಯಾಕಂದ್ರೆ ಮುಂದೆ ಆತ ಪ್ರಸಿದ್ಧನಾಗಿದ್ದು ಕೆಮಿಸ್ಟ್ ಆಗಿ. ಡಿಗ್ರಿ ಒಂದು, ಜೀವನ ಇನ್ನೊಂದು!

1916ರಲ್ಲಿ ಆತ ಡೇಟನ್ ಎಂಬ ಊರಲ್ಲಿ ಚಾರ್ಲ್ಸ್ ಕೆಟರಿಂಗ್ ಹತ್ತಿರ ಕೆಲಸಕ್ಕೆ ಸೇರಿದ. ಕಾರಿಗೆ ಎಲೆಕ್ಟ್ರಿಕ್ ಸೆಲ್ಫ್ ಸ್ಟಾರ್ಟರ್ ಕೊಟ್ಟ ಕೆಟರಿಂಗ್ ಇವನೇ. ಆ ಲ್ಯಾಬ್ ಸ್ವಲ್ಪ ಕಾಲದಲ್ಲೇ ಜನರಲ್ ಮೋಟಾರ್ಸ್ ಕಂಪನಿಯ ಸಂಶೋಧನಾ ವಿಭಾಗದ ಭಾಗವಾಯ್ತು. ಕೆಟರಿಂಗ್ ಮಿಡ್ಗ್ಲಿಗೆ ಕೊಟ್ಟ ಮೊದಲ ದೊಡ್ಡ ಕೆಲಸ ಎಂಜಿನ್ ನಾಕಿಂಗ್. ಸಿಲಿಂಡರ್ ಒಳಗೆ ಇಂಧನ ಹದವಾಗಿ ಉರಿಯೋದು ಬಿಟ್ಟು ಒಂದು ಭಾಗ ತಾನಾಗಿಯೇ ಸಿಡಿದು, ಎಂಜಿನ್ ಟಕಟಕ ಅಂತ ಸದ್ದು ಮಾಡುತ್ತಲ್ಲ, ಅದು.

ಇಲ್ಲಿ ಒಂದು ತಮಾಷೆ ಇದೆ. ಹಿಮದ ಅಡಿಯಲ್ಲೇ ಬೇಗ ಹೂ ಬಿಡುವ, ಕೆಂಪು ಎಲೆಯ ಒಂದು ಗಿಡ ಅವರಿಗೆ ನೆನಪಾಯ್ತು. ಕೆಂಪು ಬಣ್ಣ ಶಾಖವನ್ನು ಚೆನ್ನಾಗಿ ಹೀರುತ್ತೇನೋ, ಇಂಧನಕ್ಕೆ ಕೆಂಪು ಬಣ್ಣ ಕೊಟ್ಟರೆ ನಾಕಿಂಗ್ ನಿಲ್ಲಬಹುದೇನೋ ಅಂತ ಅಂದುಕೊಂಡರು. ಕೈಗೆ ಸಿಕ್ಕಿದ ಅಯೋಡಿನ್ ಹಾಕಿ ನೋಡಿದರು. ನಾಕಿಂಗ್ ಕಡಿಮೆಯಾಯ್ತು! ಆಮೇಲೆ ಬೇರೆ ಕೆಂಪು ಬಣ್ಣಗಳನ್ನು ಹಾಕಿದರೆ ಏನೂ ಆಗಲಿಲ್ಲ. ಅಂದ್ರೆ ಥಿಯರಿ ಪೂರ್ತಿ ತಪ್ಪು, ಆದರೆ ದಾರಿ ಸಿಕ್ಕಿತ್ತು. ಇಂಧನಕ್ಕೆ ಚೂರು ಏನನ್ನೋ ಬೆರೆಸಿದರೆ ನಾಕಿಂಗ್ ತಡೆಯಬಹುದು ಅನ್ನೋದು ಗೊತ್ತಾಯ್ತು.

ಮುಂದೆ ವರ್ಷಗಟ್ಟಲೆ ಹುಡುಕಾಟ. ಟೆಲ್ಲೂರಿಯಂ ಚೆನ್ನಾಗಿ ಕೆಲಸ ಮಾಡಿತು, ಆದರೆ ಅದರ ನಾತ ಮೈಗೆ ಬಟ್ಟೆಗೆ ಅಂಟಿದರೆ ಎಷ್ಟು ತೊಳೆದರೂ ಹೋಗ್ತಿರಲಿಲ್ಲ. ಕೊನೆಗೆ ಪೀರಿಯಾಡಿಕ್ ಟೇಬಲ್ ಹಿಡಿದು ಕ್ರಮವಾಗಿ ಹುಡುಕಿದಾಗ 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಸಿಕ್ಕಿತು. ಸೀಸದ ಒಂದು ಸಂಯುಕ್ತ. ಪೆಟ್ರೋಲಿಗೆ ಅತಿ ಕಡಿಮೆ ಬೆರೆಸಿದರೂ ಸಾಕು, ಎಂಜಿನ್ ಶಾಂತ.

ಸೀಸ ವಿಷ ಅನ್ನೋದು ಆಗ ಹೊಸ ವಿಷಯವೇನೂ ಅಲ್ಲ. ಮಿಡ್ಗ್ಲಿಗೇ 1923ರ ಶುರುವಿನಲ್ಲಿ ಸೀಸದ ವಿಷ ಏರಿ, ಕೆಲಸ ಬಿಟ್ಟು ಫ್ಲಾರಿಡಾ ಕಡೆ ವಿಶ್ರಾಂತಿಗೆ ಹೋಗಬೇಕಾಯ್ತು. ಆದರೂ ಅದೇ ವರ್ಷ ಫೆಬ್ರವರಿಯಲ್ಲಿ ಡೇಟನ್‌ನಲ್ಲಿ ಆ ಪೆಟ್ರೋಲ್ ಮಾರಾಟ ಶುರುವಾಯ್ತು. ಅದಕ್ಕೆ ಇಟ್ಟ ಹೆಸರು ಈಥೈಲ್. ಹೆಸರಲ್ಲಿ ಸೀಸ ಅನ್ನೋ ಪದವೇ ಇರಲಿಲ್ಲ. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಇದನ್ನು ತಯಾರಿಸುತ್ತಿದ್ದ ಐದು ಜನ ಕೆಲಸಗಾರರು ವಿಷವೇರಿ ಸತ್ತರು. ಎಷ್ಟೋ ಜನ ಆಸ್ಪತ್ರೆ ಸೇರಿದರು. ಪತ್ರಿಕೆಗಳು ಗಲಾಟೆ ಎಬ್ಬಿಸಿದಾಗ ಮಿಡ್ಗ್ಲಿ ಪತ್ರಕರ್ತರನ್ನು ಕರೆದು, ಅವರ ಎದುರೇ ಆ ದ್ರವದಲ್ಲಿ ಕೈ ತೊಳೆದುಕೊಂಡ. ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದು ಒಂದು ನಿಮಿಷ ಉಸಿರೆಳೆದ. ಏನೂ ಆಗಲ್ಲ ಅಂತ ತೋರಿಸೋಕೆ. ಇದು ಸುಳ್ಳು ಅನ್ನೋದು ಆತನ ಮೈಗೇ ಗೊತ್ತಿತ್ತು. 1925ರಲ್ಲಿ ಮಾರಾಟ ಸ್ವಲ್ಪ ಕಾಲ ನಿಂತಿತು, 1926ರಲ್ಲಿ ಮತ್ತೆ ಶುರುವಾಯ್ತು. ಈ ಭಾಗವನ್ನು ನಾವು ಇಲ್ಲಿಗೇ ಬಿಡ್ತೀವಿ, ಆದರೆ ಮರೆಯಲ್ಲ. ಕೊನೆಯಲ್ಲಿ ಬೇಕಾಗುತ್ತೆ.

ಈಗ ಮನೆಯ ಫ್ರಿಜ್‌ಗೆ ಬರೋಣ. ಫ್ರಿಜ್ ಇರಲಿ, ಎಸಿ ಇರಲಿ, ಒಳಗಿನ ಕಥೆ ಒಂದೇ. ಕಂಪ್ರೆಸರ್ ಗ್ಯಾಸನ್ನು ಒತ್ತುತ್ತೆ, ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟು ದ್ರವ ಆಗುತ್ತೆ, ಎಕ್ಸ್‌ಪ್ಯಾನ್ಷನ್ ವಾಲ್ವ್ ದಾಟಿದಾಗ ಪ್ರೆಷರ್ ಇಳಿದು ತಣ್ಣಗಾಗುತ್ತೆ, ಇವ್ಯಾಪೊರೇಟರ್‌ನಲ್ಲಿ ಕುದಿಯುತ್ತಾ ಸುತ್ತಲಿನ ಶಾಖ ಎಳೆದುಕೊಳ್ಳುತ್ತೆ. ಅದೇ ಸರ್ಕ್ಯೂಟನ್ನು ತಿರುಗಿಸಿದರೆ ಮನೆ ಬೆಚ್ಚಗೆ ಮಾಡುವ ಹೀಟ್ ಪಂಪ್ ಆಗುತ್ತೆ. ಇದರಲ್ಲಿ ನಾಲ್ಕು ಪಾರ್ಟ್ ಅಂತ ನಾವು ಪರೀಕ್ಷೆಯಲ್ಲಿ ಬರೀತೀವಿ. ನಿಜವಾಗಿ ಐದು. ಐದನೆಯದು ಒಳಗೆ ಓಡುವ ಗ್ಯಾಸ್.

1920ರ ದಶಕದಲ್ಲಿ ಆ ಐದನೇ ಪಾರ್ಟೇ ತೊಂದರೆ. ಅಮೋನಿಯಾ −33 ಡಿಗ್ರಿಗೆ ಕುದಿಯುತ್ತೆ, ಕೆಲಸಕ್ಕೆ ಬಹಳ ಚೆನ್ನಾಗಿದೆ, ಆದರೆ ವಿಷ. ಸಲ್ಫರ್ ಡೈಆಕ್ಸೈಡ್ ಸೋರಿದರೆ ಕಣ್ಣು, ಗಂಟಲು ಉರಿದು ಜನ ಮನೆ ಬಿಟ್ಟು ಓಡಬೇಕು. ಮೀಥೈಲ್ ಕ್ಲೋರೈಡ್ ಇನ್ನೂ ಮೋಸದ್ದು, ಅದಕ್ಕೆ ಅಂಥಾ ಜೋರು ವಾಸನೆಯೂ ಇಲ್ಲ, ರಾತ್ರಿ ಸೋರಿದರೆ ಮಲಗಿದವರಿಗೆ ಗೊತ್ತೇ ಆಗಲ್ಲ. ಮನೆಗಳಲ್ಲಿ ಹೀಗೆ ಸಾವುಗಳಾದವು. ಐನ್‌ಸ್ಟೈನ್ ಕೂಡ ಲಿಯೋ ಸಿಲಾರ್ಡ್ ಜೊತೆ ಸೇರಿ ಓಡುವ ಪಾರ್ಟೇ ಇಲ್ಲದ, ಸೋರದ ಫ್ರಿಜ್ ಮಾಡೋಕೆ ಹೊರಟು ಪೇಟೆಂಟ್ ತಗೊಂಡಿದ್ದ. ಅಂದ್ರೆ ಸಮಸ್ಯೆ ಎಷ್ಟು ದೊಡ್ಡದಿತ್ತು ಅಂತ ಲೆಕ್ಕ ಹಾಕಿ.

ಡೇಟನ್‌ನಲ್ಲೇ ಇದ್ದ ಫ್ರಿಜಿಡೇರ್ ಕಂಪನಿ ಜನರಲ್ ಮೋಟಾರ್ಸ್‌ನದ್ದು. 1928ರಲ್ಲಿ ಕೆಟರಿಂಗ್ ಕಡೆಯಿಂದ ಮಿಡ್ಗ್ಲಿಗೆ ಬೇಡಿಕೆ ಬಂತು. ವಿಷ ಆಗಿರಬಾರದು, ಬೆಂಕಿ ಹಿಡಿಯಬಾರದು, ಕುದಿಯುವ ಬಿಂದು ಫ್ರಿಜ್‌ಗೆ ಸರಿಹೊಂದಬೇಕು, ಗಟ್ಟಿಯಾಗಿರಬೇಕು, ಅಂದ್ರೆ ಒಳಗೇ ಒಡೆದುಹೋಗಬಾರದು. ಇಷ್ಟೂ ಗುಣ ಇರುವ ಒಂದೇ ವಸ್ತು ಸಿಗುತ್ತೆ ಅಂತ ಮಿಡ್ಗ್ಲಿಗೂ ಮೊದಲು ನಂಬಿಕೆ ಇರಲಿಲ್ಲ. ಎರಡು ಮೂರು ಗ್ಯಾಸ್ ಬೆರೆಸಬೇಕಾಗಬಹುದು ಅಂತ ಅಂದುಕೊಂಡು, ಆಲ್ಬರ್ಟ್ ಹೆನ್ನೆ ಮತ್ತು ರಾಬರ್ಟ್ ಮೆಕ್‌ನೇರಿ ಜೊತೆ ಲೈಬ್ರರಿಗೆ ಹೋಗಿ ಕೂತ.

ಅಲ್ಲಿ ಆತ ಮತ್ತೆ ಪೀರಿಯಾಡಿಕ್ ಟೇಬಲ್ ತೆಗೆದ. ಪಿಯುಸಿಯಲ್ಲಿ ನಾವು ಅದನ್ನು ಬಾಯಿಪಾಠ ಮಾಡಿದ್ದು ಬಿಟ್ಟರೆ ಹೀಗೆ ಬಳಸಬಹುದು ಅಂತ ಯೋಚಿಸಿದ್ದೇ ಇಲ್ಲ. ಸುಲಭವಾಗಿ ಆವಿಯಾಗುವ ಸಂಯುಕ್ತ ಕೊಡೋದು ಟೇಬಲ್‌ನ ಬಲಗಡೆಯ ಕೆಲವೇ ಧಾತುಗಳು. ಎಡದಿಂದ ಬಲಕ್ಕೆ ಹೋದಂತೆ ಬೆಂಕಿ ಹಿಡಿಯೋದು ಕಡಿಮೆ. ಕೆಳಗಿನಿಂದ ಮೇಲಕ್ಕೆ ಹೋದಂತೆ ವಿಷ ಕಡಿಮೆ. ಎರಡೂ ಗೆರೆ ಬಂದು ಸೇರಿದ್ದು ಮೇಲೆ, ಬಲಮೂಲೆಯಲ್ಲಿ, ಫ್ಲೋರಿನ್ ಹತ್ತಿರ. ಫ್ಲೋರಿನ್ ಅಂದ್ರೆ ಆಗ ಎಲ್ಲರಿಗೂ ಭಯ, ಅದರ ಆಮ್ಲ ಗಾಜನ್ನೇ ತಿನ್ನುತ್ತೆ. ಆದರೆ ಕಾರ್ಬನ್ ಜೊತೆ ಗಟ್ಟಿಯಾಗಿ ಕಟ್ಟಿಕೊಂಡ ಫ್ಲೋರಿನ್ ಬೇರೆಯದೇ ಥರ ಇರುತ್ತೆ ಅಂತ ಆತನಿಗೆ ಹೊಳೆಯಿತು. ಅವರು ಆರಿಸಿದ್ದು ಡೈಕ್ಲೋರೋಡೈಫ್ಲೋರೋಮೀಥೇನ್. ಒಂದು ಕಾರ್ಬನ್, ಎರಡು ಕ್ಲೋರಿನ್, ಎರಡು ಫ್ಲೋರಿನ್. ಕುದಿಯುವ ಬಿಂದು ಹತ್ತಿರ ಹತ್ತಿರ −30 ಡಿಗ್ರಿ. ಇದೇ ನಮ್ಮ ಹ್ಯಾಂಡ್‌ಬುಕ್ಕಿನ ಆರ್-12. ಬೇಡಿಕೆ ಬಂದ ಮೂರೇ ದಿನದಲ್ಲಿ ಇದನ್ನು ಮಾಡಿಯೂ ಆಗಿತ್ತು, ಟೆಸ್ಟೂ ಆಗಿತ್ತು.

ಆ ಟೆಸ್ಟ್‌ನ ಕಥೆ ನಮಗೆ ಬಹಳ ಹಿಡಿಸಿತು. ಇದನ್ನು ತಯಾರಿಸೋಕೆ ಆಂಟಿಮನಿ ಟ್ರೈಫ್ಲೋರೈಡ್ ಬೇಕಿತ್ತು. ಸಿಕ್ಕಿದ್ದು ಐದೇ ಪುಟ್ಟ ಬಾಟಲಿ. ಒಂದನ್ನು ಸುಮ್ಮನೆ ಎತ್ತಿಕೊಂಡು ಕೆಲವು ಗ್ರಾಂ ಗ್ಯಾಸ್ ಮಾಡಿ, ಗಾಜಿನ ಜಾಡಿಯಲ್ಲಿ ಒಂದು ಗಿನಿಪಿಗ್ ಇಟ್ಟು ಬಿಟ್ಟರು. ಅದು ಆರಾಮಾಗಿತ್ತು. ಎರಡನೇ ಬಾಟಲಿಯಿಂದ ಮಾಡಿದಾಗ ಗಿನಿಪಿಗ್ ಸತ್ತುಹೋಯ್ತು. ಎಲ್ಲರಿಗೂ ಶಾಕ್. ಆಮೇಲೆ ನೋಡಿದರೆ ಐದರಲ್ಲಿ ಒಂದೇ ಬಾಟಲಿ ಶುದ್ಧ. ಮಿಕ್ಕವುಗಳಲ್ಲಿ ನೀರಿನ ಅಂಶ ಇದ್ದು, ಫಾಸ್ಜೀನ್ ಎಂಬ ಭಯಂಕರ ವಿಷ ಹುಟ್ಟುತ್ತಿತ್ತು. ಗ್ಯಾಸನ್ನು ಕಾಸ್ಟಿಕ್ ದ್ರಾವಣದಲ್ಲಿ ತೊಳೆದರೆ ಸರಿಹೋಗುವ ತೊಂದರೆ ಅದು. ಮೊದಲು ಕೈಗೆ ಸಿಕ್ಕಿದ್ದು ಕೆಟ್ಟ ಬಾಟಲಿಯೇ ಆಗಿದ್ದರೆ? ಬಹುಶಃ ಈ ದಾರಿಯನ್ನೇ ಬಿಟ್ಟುಬಿಡುತ್ತಿದ್ದರು. ಲ್ಯಾಬಲ್ಲಿ ಒಂದು ರೀಡಿಂಗ್ ತಗೊಂಡು ಗ್ರಾಫ್ ಎಳೆಯುವ ನಾವು ಇಲ್ಲಿ ಸ್ವಲ್ಪ ನಾಚಿಕೊಳ್ಳಬೇಕು.

1930ರ ಏಪ್ರಿಲ್‌ನಲ್ಲಿ ಅಟ್ಲಾಂಟಾದಲ್ಲಿ ನಡೆದ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ಮಿಡ್ಗ್ಲಿ ಮತ್ತೆ ಒಂದು ಪ್ರದರ್ಶನ ಕೊಟ್ಟ. ಆ ಗ್ಯಾಸನ್ನು ಶ್ವಾಸಕೋಶದ ತುಂಬ ಎಳೆದುಕೊಂಡು, ಉರಿಯುತ್ತಿದ್ದ ಮೇಣದಬತ್ತಿಯ ಮೇಲೆ ನಿಧಾನಕ್ಕೆ ಊದಿದ. ಬತ್ತಿ ಆರಿತು. ವಿಷವಲ್ಲ, ಬೆಂಕಿ ಹಿಡಿಯಲ್ಲ, ಎರಡೂ ಒಂದೇ ಉಸಿರಲ್ಲಿ ಸಾಬೀತು. ಈ ಸಲ ತೋರಿಸಿದ್ದು ನಿಜವೇ ಆಗಿತ್ತು. ಅದೇ ವರ್ಷ ಜನರಲ್ ಮೋಟಾರ್ಸ್ ಮತ್ತು ಡ್ಯುಪಾಂಟ್ ಸೇರಿ ಹೊಸ ಕಂಪನಿ ಮಾಡಿ ಫ್ರಿಯಾನ್ ಅಂತ ಹೆಸರಿಟ್ಟು ಮಾರೋಕೆ ಶುರುಮಾಡಿದವು. ಮನೆಯೊಳಗೆ ಫ್ರಿಜ್ ಇಟ್ಟುಕೊಳ್ಳೋಕೆ, ಮಲಗುವ ಕೋಣೆಯಲ್ಲಿ ಎಸಿ ಹಾಕಿಸೋಕೆ ಇದ್ದ ದೊಡ್ಡ ಭಯ ಹೋಯ್ತು. ಎಷ್ಟು ಊಟ, ಎಷ್ಟು ಔಷಧಿ ಕೆಡದೆ ಉಳಿದಿರಬೇಕು. ಅದನ್ನೂ ಆತನ ಲೆಕ್ಕಕ್ಕೆ ಬರೆಯಲೇಬೇಕು.

ಮುಂದಿನ ದಿನಗಳು ಬರೀ ಸನ್ಮಾನದವು. 1937ರಲ್ಲಿ ಪರ್ಕಿನ್ ಪದಕ, 1941ರಲ್ಲಿ ಪ್ರೀಸ್ಟ್ಲಿ ಪದಕ, 1944ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷ ಪದವಿ. ನೂರಕ್ಕೂ ಹೆಚ್ಚು ಪೇಟೆಂಟ್. ಆದರೆ 1940ರಲ್ಲೇ, 51ನೇ ವಯಸ್ಸಿಗೆ, ಪೋಲಿಯೋ ಬಂದು ಕಾಲು ಬಿದ್ದುಹೋಗಿತ್ತು. ಮೆಕ್ಯಾನಿಕಲ್ ಬುದ್ಧಿ ಬಿಡಬೇಕಲ್ಲ, ಹಾಸಿಗೆಯಿಂದ ಏಳೋಕೆ ಹಗ್ಗ ಮತ್ತು ರಾಟೆಗಳ ಒಂದು ವ್ಯವಸ್ಥೆಯನ್ನು ತಾನೇ ಮಾಡಿಕೊಂಡಿದ್ದ. 1944ರ ನವೆಂಬರ್ 2ರಂದು ಅದೇ ಹಗ್ಗಗಳಲ್ಲಿ ಸಿಕ್ಕಿಕೊಂಡು ಆತ ಸತ್ತಿದ್ದು ಕಂಡುಬಂತು. ಅದು ಆಕಸ್ಮಿಕವೋ ಅಲ್ಲವೋ ಅನ್ನೋ ಮಾತು ಇವತ್ತಿಗೂ ಇದೆ. 55 ವರ್ಷ. ಇದನ್ನು ಜೋಕ್ ಥರ ಹೇಳೋದನ್ನು ನಾವು ನೋಡಿದ್ದೀವಿ. ನಾಲ್ಕು ವರ್ಷ ಹಾಸಿಗೆ ಹಿಡಿದ ಮನುಷ್ಯನ ಸಾವಲ್ಲಿ ನಗೋಕೆ ನಮಗೆ ಏನೂ ಕಾಣಲಿಲ್ಲ.

ಆತ ಸತ್ತಾಗ ಫ್ರಿಯಾನ್ ಇನ್ನೂ ಒಳ್ಳೇ ಹುಡುಗ. ಕಥೆ ತಿರುಗಿದ್ದು 30 ವರ್ಷದ ಮೇಲೆ. 1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ಒಂದು ಸರಳ ಪ್ರಶ್ನೆ ಹಾಕಿಕೊಂಡರು. ಸೋರಿದ ಗ್ಯಾಸ್ ಎಲ್ಲಿಗೆ ಹೋಗುತ್ತೆ? ಮಳೆಗೆ ಕರಗಲ್ಲ, ಯಾವುದರ ಜೊತೆಗೂ ಸೇರಲ್ಲ, ಸುಮಾರು ನೂರು ವರ್ಷ ಗಾಳಿಯಲ್ಲೇ ಇರುತ್ತೆ. ನಿಧಾನಕ್ಕೆ ಮೇಲೇರಿ ಸ್ಟ್ರಾಟೋಸ್ಫಿಯರ್ ಸೇರುತ್ತೆ. ಅಲ್ಲಿನ ಅಲ್ಟ್ರಾವಯೊಲೆಟ್ ಕಿರಣ ಮಾತ್ರ ಅದನ್ನು ಒಡೆಯಬಲ್ಲದು. ಒಡೆದಾಗ ಹೊರಬರುವ ಒಂದೊಂದು ಕ್ಲೋರಿನ್ ಪರಮಾಣು ಸುಮಾರು ಒಂದು ಲಕ್ಷ ಓಝೋನ್ ಕಣಗಳನ್ನು ಹಾಳುಮಾಡಬಹುದು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೂತು ಕಂಡ ಸುದ್ದಿ ಬಂತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದ ಆಯ್ತು. ಭಾರತ 1992ರಲ್ಲಿ ಸೇರಿತು. ಮೊಲಿನಾ, ರೋಲೆಂಡ್ ಮತ್ತು ಪೌಲ್ ಕ್ರುಟ್ಸನ್‌ಗೆ 1995ರಲ್ಲಿ ನೊಬೆಲ್ ಬಂತು. ಒಳಗೇ ಒಡೆದುಹೋಗಬಾರದು ಅಂತ ಮಿಡ್ಗ್ಲಿಯ ಪಟ್ಟಿಯಲ್ಲಿತ್ತಲ್ಲ, ಆ ಗುಣವೇ ಮೇಲೆ ಹೋಗಿ ತೊಂದರೆ ಆಯ್ತು.

ಆ ಗ್ಯಾಸನ್ನು ಹೇಗೆ ಬದಲಾಯಿಸಿದರು ಅನ್ನೋದು ಅದರ ನಂಬರ್‌ನಲ್ಲೇ ಇದೆ. ಕೊನೇ ಅಂಕಿ ಫ್ಲೋರಿನ್ ಎಷ್ಟು ಅಂತ, ಅದರ ಹಿಂದಿನದರಲ್ಲಿ ಒಂದು ಕಳೆದರೆ ಹೈಡ್ರೋಜನ್ ಎಷ್ಟು ಅಂತ. ಕಾರ್ಬನ್ ಒಂದೇ ಇದ್ದರೆ ಮುಂದಿನ ಸೊನ್ನೆ ಬರೆಯಲ್ಲ. ಕಾರ್ಬನ್‌ಗೆ ಕೈ ನಾಲ್ಕು, ಉಳಿದ ಕೈಗಳಲ್ಲಿ ಕ್ಲೋರಿನ್. ಈಗ ಆರ್-12, ಆರ್-22, ಆರ್-32 ಸಾಲಾಗಿ ಬರೆದು ನೋಡಿ. ಮೂರರಲ್ಲೂ ಫ್ಲೋರಿನ್ ಎರಡೇ. ಮೊದಲನೆಯದರಲ್ಲಿ ಕ್ಲೋರಿನ್ ಎರಡು, ಎರಡನೆಯದರಲ್ಲಿ ಒಂದು, ಮೂರನೆಯದರಲ್ಲಿ ಸೊನ್ನೆ. ಒಂದೊಂದೇ ಕ್ಲೋರಿನ್ ಕಿತ್ತು ಹೈಡ್ರೋಜನ್ ಕೂರಿಸಿದ್ದಾರೆ. ಇವತ್ತು ಅಂಗಡಿಯಲ್ಲಿ ಸಿಗುವ ಎಷ್ಟೋ ಸ್ಪ್ಲಿಟ್ ಎಸಿಗಳ ಮೇಲೆ ಬರೆದಿರೋದು ಆರ್-32. ಆದರೆ ಹೈಡ್ರೋಜನ್ ಬಂದಿದ್ದಕ್ಕೆ ಅದು ಸ್ವಲ್ಪ ಬೆಂಕಿ ಹಿಡಿಯುತ್ತೆ. ಫ್ರಿಜ್‌ಗಳಲ್ಲಿ ಈಗ ಆರ್-600ಎ, ಅಂದ್ರೆ ಐಸೋಬ್ಯುಟೇನ್, ನಮ್ಮ ಅಡುಗೆ ಸಿಲಿಂಡರ್ ಗ್ಯಾಸಿನ ಸಂಬಂಧಿ. ಕಡಿಮೆ ಪ್ರಮಾಣ ತುಂಬಿ, ಜಾಗ್ರತೆಯಿಂದ ಡಿಸೈನ್ ಮಾಡಿ ಬಳಸ್ತಾರೆ. ಅಂದ್ರೆ ಮಿಡ್ಗ್ಲಿಯ ಪಟ್ಟಿಯಲ್ಲಿದ್ದ ಒಂದು ಷರತ್ತನ್ನು ನಾವು ಸಡಿಲ ಮಾಡಿ, ಆತನ ಪಟ್ಟಿಯಲ್ಲಿ ಇಲ್ಲದ ಒಂದನ್ನು ಸೇರಿಸಿಕೊಂಡಿದ್ದೀವಿ.

ಈ ಬದಲಾವಣೆ ಮನೆಮಟ್ಟದಲ್ಲೂ ಸುಲಭ ಅಲ್ಲ. ಹಳೇ ಆರ್-22 ಎಸಿಗೆ ಹೊಸ ಗ್ಯಾಸ್ ತುಂಬಿಸಿದರೆ ಆಗಲ್ವಾ ಅಂತ ಎಲ್ಲರೂ ಕೇಳ್ತಾರೆ. ಆಗಲ್ಲ. ಆರ್-410ಎ ಎಂಬುದು ಆರ್-22ಗಿಂತ ಸುಮಾರು 1.6 ಪಟ್ಟು ಪ್ರೆಷರ್‌ನಲ್ಲಿ ಓಡುತ್ತೆ, ಕಂಪ್ರೆಸರ್ ಎಣ್ಣೆಯೂ ಬೇರೆ. ಆರ್-32ರ ಪ್ರೆಷರೂ ಹೆಚ್ಚುಕಡಿಮೆ ಅಷ್ಟೇ, ಜೊತೆಗೆ ಬೆಂಕಿಯ ಲೆಕ್ಕ ಬೇರೆ. ಹಾಗಾಗಿ ಔಟ್‌ಡೋರ್, ಇಂಡೋರ್ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕಾಗುತ್ತೆ. ಕಣ್ಣಿಗೆ ಕಾಣದ ಆ ಐದನೇ ಪಾರ್ಟ್ ಬದಲಾದರೆ ಮಿಕ್ಕ ನಾಲ್ಕೂ ಬದಲಾಗುತ್ತವೆ.

ಈಗ ಮಿಡ್ಗ್ಲಿಯ ಎರಡು ಕೆಲಸಗಳನ್ನು ಪಕ್ಕಪಕ್ಕ ಇಡೋಣ. ಎಲ್ಲರೂ ಎರಡನ್ನೂ ಒಂದೇ ತಪ್ಪು ಅಂತ ಬರೀತಾರೆ. ನಮಗೆ ಹಾಗನಿಸಲ್ಲ. ಸೀಸದ ವಿಷಯದಲ್ಲಿ ಕೆಡುಕು ಗೊತ್ತಿತ್ತು, ಜನ ಸತ್ತಿದ್ದರು, ಆತನೇ ಹಾಸಿಗೆ ಹಿಡಿದಿದ್ದ, ಆದರೂ ಪತ್ರಕರ್ತರ ಮುಂದೆ ಕೈ ತೊಳೆದು ತೋರಿಸಿದ. ಆ ಪೆಟ್ರೋಲ್ ಭಾರತದಲ್ಲಿ ಪೂರ್ತಿ ನಿಂತಿದ್ದು 2000ದಲ್ಲಿ, ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾದಲ್ಲಿ ನಿಂತಿದ್ದು 2021ರಲ್ಲಿ. ಅಷ್ಟು ಕಾಲ ಮಕ್ಕಳ ರಕ್ತಕ್ಕೆ ಸೀಸ ಸೇರಿತು. ಅದಕ್ಕೆ ಕ್ಷಮೆ ಇಲ್ಲ. ಫ್ರಿಯಾನ್ ವಿಷಯದಲ್ಲಿ ಆತ ಕೇಳಿದ ಎಲ್ಲ ಪ್ರಶ್ನೆಗೂ ಪ್ರಾಮಾಣಿಕವಾಗಿ ಉತ್ತರ ಹುಡುಕಿದ. ಕೇಳದೇ ಉಳಿದ ಪ್ರಶ್ನೆಯನ್ನು ಆಗ ಯಾರೂ ಕೇಳಿರಲಿಲ್ಲ. ಮೊದಲನೆಯದು ಸುಳ್ಳು, ಎರಡನೆಯದು ಅಜ್ಞಾನ. ಎಂಜಿನಿಯರ್ ಆಗೋಕೆ ಹೊರಟ ನಮ್ಮಿಂದ ಎರಡನೆಯದು ಯಾವತ್ತಾದರೂ ಆಗಬಹುದು, ಎಷ್ಟೇ ಓದಿದರೂ. ಮೊದಲನೆಯದು ಆಗದಂತೆ ನೋಡಿಕೊಳ್ಳೋದು ಮಾತ್ರ ಪೂರ್ತಿ ನಮ್ಮ ಕೈಲೇ ಇದೆ.

ಓಝೋನ್ ಈಗ ನಿಧಾನಕ್ಕೆ ಸುಧಾರಿಸ್ತಿದೆ, ಅಂಟಾರ್ಕ್ಟಿಕಾದ ಮೇಲೆ 1980ರ ಮಟ್ಟಕ್ಕೆ ಬರೋದು ಸುಮಾರು 2066ಕ್ಕೆ ಅಂತ ವಿಜ್ಞಾನಿಗಳ ಅಂದಾಜು. ಆದರೆ ಹಳೇ ಎಸಿಯಲ್ಲಿ ಇರುವ ಒಂದು ಕೆಜಿ ಆರ್-22ನ್ನು ಹಾಗೇ ಗಾಳಿಗೆ ಬಿಟ್ಟರೆ, ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ಅದು ಸುಮಾರು 1.8 ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ. ಹಾಗಾಗಿ ಮುಂದಿನ ಸಲ ಮನೆಗೆ ಎಸಿ ಮೆಕ್ಯಾನಿಕ್ ಅಣ್ಣ ಬಂದಾಗ ಎರಡು ಪ್ರಶ್ನೆ ಕೇಳಿ. ಗ್ಯಾಸ್ ಖಾಲಿ ಆಗಿದೆ, ತುಂಬಿಸಬೇಕು ಅಂದರೆ, ಸೋರ್ತಿರೋದು ಎಲ್ಲಿ ಅಣ್ಣ ಅಂತ ಕೇಳಿ. ಯಾಕಂದ್ರೆ ಮುಚ್ಚಿದ ಸರ್ಕ್ಯೂಟಿನಲ್ಲಿ ಓಡುವ ಗ್ಯಾಸ್ ಪೆಟ್ರೋಲಿನ ಥರ ಖರ್ಚಾಗಲ್ಲ. ಹಳೇ ಎಸಿ ಬಿಚ್ಚುವಾಗ, ಒಳಗಿರುವ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಳ್ತೀರಾ, ಹೊರಗೆ ಬಿಡ್ತೀರಾ ಅಂತ ಕೇಳಿ. ಆರ್-12 ಟೇಬಲ್ ನೋಡಿ ಸಿಓಪಿ ಲೆಕ್ಕ ಹಾಕೋಕೆ ಬರುವ ನಮಗೆ ಇಷ್ಟು ಕೇಳೋಕೆ ಬರಲೇಬೇಕು.